ಪೀಜೋ ಕಂಪನ ಸೆನ್ಸರ್ ತಪ್ಪು ತೋರಿಸಿದಾಗ: ಮಳೆಯೂರಿನ ಕಾರ್ಖಾನೆಗೊಂದು ದೋಷ ನಿವಾರಣೆ ಕೈಪಿಡಿ

ಕುಶಾಲನಗರದ ಬಳಿಯ ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕವಿರಲಿ, ಅಕ್ಕಿ ಗಿರಣಿ ಇರಲಿ, ಹೊಳೆ ಪಕ್ಕದ ಪಂಪ್‌ಹೌಸ್ ಇರಲಿ, ಬೇರಿಂಗ್ ಮೇಲೆ ಕೂರಿಸಿದ ಹೆಬ್ಬೆರಳು ಗಾತ್ರದ ಸೆನ್ಸರ್ ವಿಚಿತ್ರವಾದ ಅಂಕಿ ತೋರಿಸಿದಾಗ ಎರಡೇ ಮಾತು ಕೇಳಿಬರುತ್ತವೆ. ಒಂದು, "ಸೆನ್ಸರ್ ಹೋಗಿದೆ, ಹೊಸದು ತರಿಸಿ." ಇನ್ನೊಂದು, "ಅದು ಯಾವಾಗಲೂ ಹಾಗೆಯೇ, ಬಿಡಿ." ಮೊದಲನೆಯದನ್ನು ನಂಬಿದರೆ ದುಡ್ಡು ಹೋಗುತ್ತದೆ, ಎರಡನೆಯದನ್ನು ನಂಬಿದರೆ ಬೇರಿಂಗ್ ಹೋಗುತ್ತದೆ.

ಸ್ಫಟಿಕ ಅಥವಾ ಸೆರಾಮಿಕ್ ತುಂಡನ್ನು ಒತ್ತಿದರೆ ಅದರ ಮೈಮೇಲೆ ವಿದ್ಯುದಾವೇಶ ಹುಟ್ಟುತ್ತದೆ. ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡ ಈ ಪೀಜೋ ಗುಣದ ಮೇಲೆಯೇ ಇಡೀ ಉಪಕರಣ ನಿಂತಿದೆ. ಆ ತುಂಡಿನ ಮೇಲೆ ಪುಟ್ಟದೊಂದು ತೂಕವಿರುತ್ತದೆ. ಯಂತ್ರ ಅದುರಿದಾಗ ತೂಕ ಸ್ಫಟಿಕವನ್ನು ಅದುಮುತ್ತದೆ, ಬಿಡುತ್ತದೆ. ತಿರುಗುವ, ಸವೆಯುವ ಭಾಗ ಒಳಗೆ ಯಾವುದೂ ಇಲ್ಲ. ಆದ್ದರಿಂದ ಅನುಮಾನದ ಸರದಿ ಹೀಗಿರಲಿ: ಮೊದಲು ಕನೆಕ್ಟರ್, ಆಮೇಲೆ ಕೇಬಲ್, ಆಮೇಲೆ ಕೂರಿಸಿದ ರೀತಿ, ಆಮೇಲೆ ಮೀಟರಿನ ಸೆಟ್ಟಿಂಗ್, ಕಟ್ಟಕಡೆಗೆ ಸೆನ್ಸರ್.

ನಿಮ್ಮಲ್ಲಿರುವುದು ಯಾವ ಜಾತಿಯದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಒಳಗೇ ಪುಟ್ಟ ಆಂಪ್ಲಿಫಯರ್ ಇರುವ ಐಇಪಿಇ ಸೆನ್ಸರ್ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಇದರ ಮೈಮೇಲೆ ಸಾಮಾನ್ಯವಾಗಿ ಒಂದು ಜಿಗೆ (ಜಿ ಎಂದರೆ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷ) 100 ಮಿಲಿವೋಲ್ಟ್ ಎಂದು ಬರೆದಿರುತ್ತದೆ. ಆಂಪ್ಲಿಫಯರ್ ಇಲ್ಲದ ಚಾರ್ಜ್ ಮಾದರಿಯದರ ಮೇಲೆ ಪೈಕೋಕೂಲಂಬ್, ಅಂದರೆ ವಿದ್ಯುದಾವೇಶದ ಲೆಕ್ಕ ಇರುತ್ತದೆ. ಇದು ಬಿಸಿ ಜಾಗಗಳಿಗೆ. ಮೂರನೆಯದು ನೇರವಾಗಿ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಿಗೆ) ಹೋಗುವ 4-20 ಮಿಲಿಆಂಪ್ ಟ್ರಾನ್ಸ್‌ಮಿಟರ್. ಮೂರರ ಪರೀಕ್ಷೆಯೂ ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಇದ್ದ ಸೆನ್ಸರೂ ಸಾಯುತ್ತದೆ.

## ಕೈ ಹಾಕುವ ಮೊದಲು

ಬೆಲ್ಟ್, ಪುಲ್ಲಿ, ಕಪ್ಲಿಂಗ್ ಹತ್ತಿರದ ಸೆನ್ಸರನ್ನು ಮುಟ್ಟುವ ಮೊದಲು ಯಂತ್ರ ನಿಲ್ಲಿಸಿ, ಐಸೊಲೇಟರ್ (ಯಂತ್ರದ ಮುಖ್ಯ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ಬೀಗದ ಕೀಲಿ ನಿಮ್ಮ ಕಿಸೆಯಲ್ಲಿರಲಿ. ಕೊಡಗಿನಲ್ಲಿ ಇದನ್ನು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದು ಹಲ್ಲರ್ (ಸಿಪ್ಪೆ ಸುಲಿಯುವ ಯಂತ್ರ) ಪಕ್ಕಕ್ಕೆ ಕೈ ಹಾಕುವವರಿದ್ದಾರೆ. ಜನರೇಟರ್ ತಾನಾಗಿಯೇ ಶುರುವಾಗಿ ಯಂತ್ರಕ್ಕೆ ವಿದ್ಯುತ್ ಕೊಡಲು ಕೆಲವೇ ಸೆಕೆಂಡು ಸಾಕು. ಕರೆಂಟ್ ಹೋಗಿದೆ ಎಂದರೆ ಯಂತ್ರ ಬಂದ್ ಆಗಿದೆ ಎಂದರ್ಥವಲ್ಲ.

ಸೆನ್ಸರಿಗೆ ಮೆಗ್ಗರ್ ಹಚ್ಚಬೇಡಿ. ಮೋಟರಿನ ವೈಂಡಿಂಗ್ ನೋಡುವ 500 ವೋಲ್ಟ್ ಮೆಗ್ಗರನ್ನು ಐಇಪಿಇ ಸೆನ್ಸರಿನ ಪಿನ್ನುಗಳಿಗೆ ಹಿಡಿದರೆ ಒಳಗಿನ ಆಂಪ್ಲಿಫಯರ್ ಆ ಕ್ಷಣವೇ ಸುಡುತ್ತದೆ. 24 ವೋಲ್ಟ್ ಪವರ್ ಸಪ್ಲೈಯನ್ನು ನೇರವಾಗಿ ಕೊಟ್ಟು ನೋಡುವುದೂ ಅಷ್ಟೇ ತಪ್ಪು. ಇದಕ್ಕೆ ಬೇಕಿರುವುದು 2ರಿಂದ 20 ಮಿಲಿಆಂಪ್ ಮಿತಿಯ ಸ್ಥಿರ ಕರೆಂಟ್. ಅದನ್ನು ಸೆನ್ಸರಿನ ರೀಡಿಂಗ್ ತೋರಿಸುವ ಮಾನಿಟರ್ ಕೊಡುತ್ತದೆ.

## ಯಂತ್ರ ಓಡುತ್ತಿದೆ, ಆದರೆ ರೀಡಿಂಗ್ ಸೊನ್ನೆ

ಐಇಪಿಇ ಸೆನ್ಸರಿನ ನಾಡಿ ಇರುವುದು ಬಯಾಸ್ ವೋಲ್ಟೇಜಿನಲ್ಲಿ, ಅಂದರೆ ಮಾನಿಟರಿನ ಕರೆಂಟ್ ಹರಿಯುವಾಗ ಸೆನ್ಸರಿನ ಮೇಲೆ ನಿಲ್ಲುವ ಡಿಸಿ ವೋಲ್ಟೇಜಿನಲ್ಲಿ. ಜೋಡಣೆ ಬಿಚ್ಚದೆ, ಮಾನಿಟರ್ ಚಾಲೂ ಇಟ್ಟು, ಜಂಕ್ಷನ್ ಬಾಕ್ಸಿನ ಟರ್ಮಿನಲ್ ಮೇಲೆ ಸಾಮಾನ್ಯ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಅಳೆಯಿರಿ. ಎರಡು ಪಿನ್ನಿನ ಕೈಗಾರಿಕಾ ಕನೆಕ್ಟರಿನಲ್ಲಿ ಎ ಪಿನ್ ಸಿಗ್ನಲ್, ಬಿ ಪಿನ್ ಕಾಮನ್.

8ರಿಂದ 12 ವೋಲ್ಟಿನ ನಡುವೆ ಅಲುಗಾಡದೆ ನಿಂತಿದ್ದರೆ ಸೆನ್ಸರ್ ಮತ್ತು ಕೇಬಲ್ ಎರಡೂ ಬಹುತೇಕ ಸರಿ ಇವೆ. ನಿಮ್ಮ ಸೆನ್ಸರಿನ ನಿಖರ ಅಂಕಿ ಅದರ ಜೊತೆ ಬಂದ ಹಾಳೆಯಲ್ಲಿದೆ. ಅದನ್ನು ಜಂಕ್ಷನ್ ಬಾಕ್ಸಿನ ಮುಚ್ಚಳದ ಒಳಬದಿಗೆ ಬರೆದಿಡುವುದು ಒಳ್ಳೆಯ ಅಭ್ಯಾಸ. ಬಯಾಸ್ ಸರಿಯಿದ್ದೂ ರೀಡಿಂಗ್ ಸೊನ್ನೆ ಎಂದರೆ ಮಾನಿಟರಿನ ಚಾನೆಲ್, ಫಿಲ್ಟರ್, ರೇಂಜ್ ನೋಡಿ. ಸೆನ್ಸರ್ ಪಕ್ಕದ ಬೇರಿಂಗ್ ಹೌಸಿಂಗನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮುಳ್ಳು ಜಿಗಿಯಬೇಕು. ಸೆನ್ಸರಿನ ತಲೆಯ ಮೇಲೆಯೇ ತಟ್ಟಬೇಡಿ.

ಪೂರ್ತಿ ಸಪ್ಲೈ ವೋಲ್ಟೇಜ್, ಅಂದರೆ 24ರ ಆಸುಪಾಸು ತೋರಿಸಿದರೆ ಕರೆಂಟ್ ಹರಿಯಲು ದಾರಿಯೇ ಇಲ್ಲ ಎಂದರ್ಥ. ತಂತಿ ತುಂಡಾಗಿದೆ, ಕನೆಕ್ಟರ್ ಸಡಿಲವಾಗಿದೆ, ಇಲ್ಲವೇ ಸೆನ್ಸರಿನೊಳಗೆ ಜೋಡಣೆ ಬಿಟ್ಟಿದೆ. ಗೋದಾಮಿನ ಗೋಡೆಯಂಚಿನಲ್ಲಿ ಹಾದುಬಂದ ಕೇಬಲ್ ಆಗಿದ್ದರೆ ಮೊದಲು ಇಲಿ ಕಡಿದ ಗುರುತು ಹುಡುಕಿ.

ಸೊನ್ನೆ ಅಥವಾ ಅದರ ಹತ್ತಿರ ತೋರಿಸಿದರೆ ಶಾರ್ಟ್ ಆಗಿದೆ, ಪಿನ್ನುಗಳು ಅದಲುಬದಲಾಗಿವೆ, ಅಥವಾ ಮಾನಿಟರಿನಿಂದ ಕರೆಂಟೇ ಬರುತ್ತಿಲ್ಲ. ಪತ್ತೆ ಮಾಡುವುದು ಸುಲಭ: ಸೆನ್ಸರ್ ತುದಿಯಲ್ಲಿ ಕನೆಕ್ಟರ್ ಬಿಚ್ಚಿ. ವೋಲ್ಟೇಜ್ 24ಕ್ಕೆ ಏರಿದರೆ, ಪಿನ್ನುಗಳು ಅದಲುಬದಲಾಗಿಲ್ಲ ಎಂದಾದರೆ, ಕೇಬಲ್ ನಿರಪರಾಧಿ, ತಪ್ಪು ಸೆನ್ಸರಿನದು. ಸೊನ್ನೆಯಲ್ಲೇ ಉಳಿದರೆ ಕೇಬಲ್ ಅಥವಾ ಮಾನಿಟರ್ ಕಡೆ ಹೋಗಿ.

4-20 ಟ್ರಾನ್ಸ್‌ಮಿಟರ್ ಆದರೆ ಲೆಕ್ಕವೇ ಬೇರೆ. ಕಂಪನ ಸೊನ್ನೆಯಾದಾಗ 4 ಮಿಲಿಆಂಪ್ ಇರಬೇಕು. ಪೂರ್ತಿ 0 ಬಂದರೆ ಅದು ಕಂಪನವಿಲ್ಲದ ಲಕ್ಷಣವಲ್ಲ, ಲೂಪ್ ಕಡಿದಿರುವ ಲಕ್ಷಣ. ಪಿಎಲ್‌ಸಿಯ ಪರದೆ ಎರಡನ್ನೂ "0.0" ಎಂದೇ ತೋರಿಸುವಂತೆ ಬರೆದಿದ್ದರೆ, ಹಾಗೆ ಬರೆದವರನ್ನು ಕರೆಸಿ ತಿದ್ದಿಸಿ.

ಇದೇ ಹಂತದಲ್ಲಿ ಅದಲುಬದಲು ಪರೀಕ್ಷೆಯನ್ನೂ ಮಾಡಿ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ಇನ್ನೊಂದಿಲ್ಲ. ಪಕ್ಕದ ಬೇರಿಂಗಿನ ಅದೇ ಮಾದರಿಯ ಸೆನ್ಸರನ್ನು ಇಲ್ಲಿಗೂ ಇದನ್ನು ಅಲ್ಲಿಗೂ ಹಾಕಿ. ತೊಂದರೆ ಸೆನ್ಸರ್ ಜೊತೆ ಹೊರಟರೆ ಸೆನ್ಸರಿನದು. ಇದ್ದಲ್ಲೇ ಉಳಿದರೆ ಕೇಬಲ್ ಅದಲುಬದಲು ಮಾಡಿ ನೋಡಿ. ಎರಡನ್ನೂ ಬದಲಿಸಿದ ಮೇಲೂ ಆ ಬೇರಿಂಗ್ ಹೆಚ್ಚೇ ತೋರಿಸುತ್ತಿದ್ದರೆ ಸೆನ್ಸರನ್ನು ಬೈಯುವುದು ನಿಲ್ಲಿಸಿ. ಯಂತ್ರ ನಿಜವಾಗಿಯೂ ಅದುರುತ್ತಿದೆ.

## ಮಳೆ ಶುರುವಾದರೆ ರೀಡಿಂಗ್ ಕುಣಿಯುತ್ತದೆ

ಬೇಸಿಗೆಯಲ್ಲಿ ಸುಮ್ಮನಿದ್ದ ಚಾನೆಲ್ ಜೂನ್ ಬಂತೆಂದರೆ ಅಂಕಿ ಏರಿಸುತ್ತದೆ, ಇಳಿಸುತ್ತದೆ, ಅಲಾರಂ ಹೊಡೆಯುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇದು ಮಿತಿಮೀರುತ್ತದೆ. ಬಯಾಸ್ ಅಳೆದರೆ ಒಂದು ಗಳಿಗೆ 10, ಮತ್ತೊಂದು ಗಳಿಗೆ 7, ಮತ್ತೆ 9. ನಿಲ್ಲದೆ ಓಡಾಡುವ ಬಯಾಸ್ ಎಂದರೆ ಸಡಿಲ ಸಂಪರ್ಕ ಅಥವಾ ತೇವ.

ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪಿನ್ನಿನ ಬುಡದಲ್ಲಿ ಹಸಿರು ಹುಡಿ ಕಟ್ಟಿದ್ದರೆ ನೀರು ಹೊಕ್ಕು ಬಹಳ ಕಾಲವಾಗಿದೆ. ಎರಡು ಪಿನ್ನುಗಳ ನಡುವಿನ ಬಿಳಿ ಇನ್ಸುಲೇಟರ್ ಮೇಲೆ ಕಾಫಿ ಹೊಟ್ಟಿನ ಕಂದು ಧೂಳು ಒದ್ದೆಯಾಗಿ ಮೆತ್ತಿಕೊಂಡಿದ್ದರೆ ಕರೆಂಟಿಗೆ ಅದೇ ಕಳ್ಳದಾರಿ. ಒಣಗಿದ ಧೂಳಿನಿಂದ ಅಷ್ಟು ತೊಂದರೆಯಿಲ್ಲ, ಆದರೆ ಅದು ತೇವ ಹೀರಿದರೆ ಸೋರಿಕೆ ಶುರು. ಯಂತ್ರ ತಿಂಗಳುಗಟ್ಟಲೆ ನಿಂತು ಹಂಗಾಮಿಗೆ ಮತ್ತೆ ಚಾಲೂ ಆದಾಗ ಕೆಲವು ಚಾನೆಲ್‌ಗಳು ಕೈಕೊಡುವುದು ಇದರಿಂದಲೇ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಲು ಬಿಡಿ. ಅದು ಬೇಗ ಬೆಂಕಿ ಹಿಡಿಯುವ ದ್ರವ. ಪ್ಯಾನೆಲ್ ಆರಿಸಿ, ಬೀಡಿ ಸಿಗರೇಟನ್ನು ದೂರವಿಟ್ಟು ಬಳಸಿ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಾಕಬಹುದು. ಬ್ಲೋ ಲ್ಯಾಂಪ್ ಬೇಡ. ಹಸಿರು ಕಟ್ಟಿದ ಪಿನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡುವುದು ನಾಲ್ಕು ದಿನದ ಪರಿಹಾರ. ಲೇಪನ ಹೋದ ಮೇಲೆ ತುಕ್ಕು ಬೇಗ ಮರಳುತ್ತದೆ. ಆ ಕನೆಕ್ಟರನ್ನು ಬದಲಿಸಿ.

ನೀರು ಒಳಗೆ ಬಂದದ್ದಾದರೂ ಹೇಗೆ? ಬಹುತೇಕ ಕೇಬಲ್ ಮೇಲೇ ಇಳಿದು. ಮೇಲಿನಿಂದ ನೇರವಾಗಿ ಸೆನ್ಸರಿಗೆ ಇಳಿಬಿಟ್ಟ ಕೇಬಲ್ ನೀರನ್ನು ಕೈಹಿಡಿದು ಕನೆಕ್ಟರಿಗೆ ಕರೆತರುತ್ತದೆ. ಕನೆಕ್ಟರಿಗೆ ಮೊದಲು ಕೇಬಲ್ಲನ್ನು ಒಂದು ಗೇಣು ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತಂದರೆ ಹನಿ ಆ ಬಾಗಿನಲ್ಲೇ ಕೆಳಗೆ ಬೀಳುತ್ತದೆ. ಜಂಕ್ಷನ್ ಬಾಕ್ಸಿಗೆ ಕೇಬಲ್ ಹೊಗುವ ಗ್ಲ್ಯಾಂಡ್‌ಗಳು ತಳಬದಿಯಲ್ಲಿರಲಿ. ಮೇಲ್ಬದಿಗೆ ತೂತು ಕೊರೆದ ಬಾಕ್ಸನ್ನು ಎಷ್ಟು ಸಿಲಿಕೋನ್ ಬಳಿದರೂ ಕೊಡಗಿನ ಮಳೆ ಗೆಲ್ಲುತ್ತದೆ. ಕನೆಕ್ಟರಿನೊಳಗೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್, ಮೇಲೆ ರಬ್ಬರ್ ಬೂಟ್, ಬಾಕ್ಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ: ಇವೆಲ್ಲ ಮೇ ತಿಂಗಳೊಳಗೆ ಆಗಬೇಕಾದ ಕೆಲಸ.

ಕೇಬಲ್ಲನ್ನೇ ಪರೀಕ್ಷಿಸಬೇಕಾದರೆ ಎರಡೂ ತುದಿ ಬಿಚ್ಚಿ. ತಂತಿಗಳ ನಡುವೆ ಮಲ್ಟಿಮೀಟರ್ ಪೂರ್ತಿ ತೆರೆದ ಸರ್ಕೀಟ್ ತೋರಿಸಬೇಕು. ಒಂದು ತುದಿಯನ್ನು ಶಾರ್ಟ್ ಮಾಡಿದರೆ ಕೆಲವೇ ಓಮ್ ಬರಬೇಕು. ಅಳೆಯುವಾಗ ಕೇಬಲ್ಲನ್ನು ಉದ್ದಕ್ಕೂ ಬಗ್ಗಿಸುತ್ತ ಹೋಗಿ. ಒಳಗೆ ತುಂಡಾದ ಜಾಗದಲ್ಲಿ ಅಂಕಿ ಜಿಗಿಯುತ್ತದೆ. ಮತ್ತೆ ಜೋಡಿಸುವ ಮೊದಲು ಕೇಬಲ್ಲಿನ ಎರಡು ತಂತಿಗಳನ್ನು ಒಮ್ಮೆ ಪರಸ್ಪರ ಮುಟ್ಟಿಸಿ, ಒಳಗೆ ಉಳಿದ ಚಾರ್ಜ್ ಇಳಿಯಲಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ಒಂದೇ ಸಾಲಿನ ಹಲವು ಚಾನೆಲ್ ಒಟ್ಟಿಗೆ ಸತ್ತಿದ್ದರೆ ತೇವ ಹುಡುಕುತ್ತ ಕೂರಬೇಡಿ. ಮಾನಿಟರ್ ಕಾರ್ಡ್, ಸರ್ಜ್ ರಕ್ಷಕ ಮತ್ತು ಅರ್ಥಿಂಗ್ ನೋಡಿ.

## 50 ಹರ್ಟ್ಜ್‌ನಲ್ಲಿ ನೆಟ್ಟ ಗೂಟ

ಯಾವ ಆವರ್ತನದಲ್ಲಿ ಎಷ್ಟು ಕಂಪನವಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ನಕ್ಷೆಯಲ್ಲಿ ಸರಿಯಾಗಿ 50, 100, 150 ಹರ್ಟ್ಜ್‌ನಲ್ಲಿ ಚೂಪು ಶಿಖರಗಳು ಕಂಡರೆ ಅದು ಯಂತ್ರದ್ದೋ ವಿದ್ಯುತ್ತಿನದ್ದೋ ಎಂಬ ಪ್ರಶ್ನೆ ಏಳುತ್ತದೆ. ನಾಲ್ಕು ಧ್ರುವದ ಮೋಟರ್ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ, ಅಂದರೆ 24 ಹರ್ಟ್ಜ್. ಅದರ ಎರಡರಷ್ಟು 48ರಲ್ಲಿ ಬರಬೇಕೇ ಹೊರತು ಕರಾರುವಾಕ್ಕಾಗಿ 50ರಲ್ಲಿ ಅಲ್ಲ. 100 ಹರ್ಟ್ಜ್ ಮಾತ್ರ ಕಪಟಿ. ಮೋಟರಿನ ಒಳಗಿನ ಕಾಂತೀಯ ಸೆಳೆತದಿಂದ ನಿಜವಾದ ಕಂಪನವೂ ಅಲ್ಲೇ ಬರುತ್ತದೆ.

ಮೋಟರ್ ಆರಿಸಿ ನೋಡಿ. ರೋಟರ್ ಇನ್ನೂ ತಿರುಗುತ್ತಿರುವಾಗಲೇ ಶಿಖರ ಥಟ್ಟನೆ ಮಾಯವಾದರೆ ಮೂಲ ಆ ಮೋಟರಿನ ವಿದ್ಯುತ್ತೇ: ಕಾಂತೀಯ ಕಂಪನ ಅಥವಾ ಅದರ ಕೇಬಲ್ಲಿನಿಂದ ಹಾರಿಬಂದ ಗದ್ದಲ. ಮೋಟರ್ ನಿಂತ ಮೇಲೂ ಶಿಖರ ಉಳಿದರೆ ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ಅರ್ಥ್ ಆಗಿ ಅವುಗಳ ನಡುವೆ ಕರೆಂಟ್ ಹರಿಯುವುದು. ಆಗ ಸೆನ್ಸರ್ ಬುಡ ಮತ್ತು ಯಂತ್ರದ ನಡುವೆ ಇನ್ಸುಲೇಷನ್ ಟೇಪಿನ ಒಂದು ಪದರ ಇಟ್ಟು ನೋಡಿ. ಶಿಖರ ಕುಸಿದರೆ ರೋಗ ಖಚಿತ. ಮದ್ದು ಇಷ್ಟೇ: ಕೇಬಲ್ಲಿನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಒಂದೇ ತುದಿಯಲ್ಲಿ, ಪ್ಯಾನೆಲ್ ಕಡೆ ಮಾತ್ರ ಅರ್ಥ್ ಆಗಿರಬೇಕು. ಎರಡೂ ಕಡೆ ಅರ್ಥ್ ಮಾಡುವುದು ನಮ್ಮ ಎಲೆಕ್ಟ್ರಿಷಿಯನ್‌ಗಳ ಹಳೆಯ ಚಟ. ಹಾಗೆಂದು ಮೋಟರಿನ ಸುರಕ್ಷತಾ ಅರ್ಥಿಂಗನ್ನು ಪರೀಕ್ಷೆಗೂ ಬಿಚ್ಚಬಾರದು. ಅದು ಜೀವದ ಪ್ರಶ್ನೆ.

ವಿಎಫ್‌ಡಿಯ (ಮೋಟರಿನ ವೇಗ ಬದಲಿಸುವ ಸಾಧನದ) ಪವರ್ ಕೇಬಲ್ ಇರುವ ಟ್ರೇಯಲ್ಲೇ ಸೆನ್ಸರ್ ಕೇಬಲ್ ಎಳೆದಿದ್ದರೆ ಬೇರೆ ದಾರಿಗೆ ಸರಿಸಿ. ದಾಟಲೇಬೇಕಾದ ಕಡೆ ಅಡ್ಡವಾಗಿ, ಲಂಬಕೋನದಲ್ಲಿ ದಾಟಿಸಿ.

## ಸ್ಪೆಕ್ಟ್ರಮ್‌ನ ಎಡಬದಿಯಲ್ಲಿ ಗುಡ್ಡದ ಇಳಿಜಾರು

ಸೊನ್ನೆ ಹರ್ಟ್ಜ್ ಹತ್ತಿರ ಬೆಟ್ಟದಂತೆ ಎದ್ದು ಬಲಕ್ಕೆ ಜಾರುವ ಗೆರೆ ಯಂತ್ರದ ಕಂಪನವಲ್ಲ. ವೇಗೋತ್ಕರ್ಷವನ್ನು ವೇಗಕ್ಕೆ ಪರಿವರ್ತಿಸುವಾಗ ಕಡಿಮೆ ಆವರ್ತನದ ಸಣ್ಣ ಕೊಳೆಯೂ ಹಿಗ್ಗಿ ಹೀಗೆ ಕಾಣುತ್ತದೆ.

ಕೈಯಲ್ಲಿ ಹಿಡಿದು ತಿರುಗುವ ಮೀಟರ್ ಆದರೆ ಕಾರಣ ಬಹುತೇಕ ಆತುರ. ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ತಣ್ಣಗಾದ ಸೆನ್ಸರನ್ನು ಬಿಸಿ ಬೇರಿಂಗಿಗೆ ಹಚ್ಚಿದ ಕೂಡಲೇ ಗುಂಡಿ ಒತ್ತಿದರೆ, ಶಾಖದ ಏರಿಕೆಯನ್ನೇ ಅದು ಕಂಪನವೆಂದು ಓದುತ್ತದೆ. ಬೆಚ್ಚಗಾಗಲು, ಬಯಾಸ್ ನೆಲೆ ನಿಲ್ಲಲು ಬಿಡಿ. ಮ್ಯಾಗ್ನೆಟ್ಟನ್ನು ಟಪ್ಪೆಂದು ಬಡಿದು ಕೂರಿಸಬೇಡಿ. ಅಂಚು ತಾಗಿಸಿ ನಿಧಾನ ಮಗುಚಿ. ಆ ಹೊಡೆತ ಆಂಪ್ಲಿಫಯರನ್ನು ಕೆಲ ಕ್ಷಣ ಉಸಿರುಗಟ್ಟಿಸುತ್ತದೆ, ದಿನಾ ಹೊಡೆದರೆ ಸ್ಫಟಿಕಕ್ಕೂ ಪೆಟ್ಟು.

ಕಾಯಂ ಕೂರಿಸಿದ ಸೆನ್ಸರಿನಲ್ಲಿ ಇದು ಕಂಡರೆ ಸಡಿಲ ಬುಡ, ಸಡಿಲ ಕನೆಕ್ಟರ್, ಇಲ್ಲವೇ ರೇಂಜ್ ಮೀರಿದ ಹೊಡೆತವನ್ನು ಹುಡುಕಿ. ಬಕೆಟ್ ಎಲಿವೇಟರಿನ ಮೇಲಿನ ಶಾಫ್ಟ್‌ನಂತೆ ಸೆಕೆಂಡಿಗೆ ಒಂದೆರಡು ಸುತ್ತು ಮಾತ್ರ ತಿರುಗುವ ಕಡೆ ವೇಗೋತ್ಕರ್ಷ ಎಷ್ಟು ಕಡಿಮೆಯೆಂದರೆ 100 ಮಿಲಿವೋಲ್ಟಿನ ಸೆನ್ಸರಿಗೆ ಅದು ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಅಲ್ಲಿಗೆ ಒಂದು ಜಿಗೆ 500 ಮಿಲಿವೋಲ್ಟಿನದು ಬೇಕು.

## ಬೇರಿಂಗ್ ಕಿರುಚುತ್ತಿದೆ, ಸೆನ್ಸರ್ ಸುಮ್ಮನಿದೆ

ಕಿವಿಗೆ ಕೇಳುವ ಸದ್ದು ಸೆನ್ಸರಿಗೆ ಕೇಳದಿದ್ದರೆ ಕೂರಿಸಿದ ರೀತಿ ನೋಡಿ. ಬೇರಿಂಗಿನ ಆರಂಭದ ಸವಕಳಿ ಕೆಲವು ಸಾವಿರ ಹರ್ಟ್ಜ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಟಡ್ ಹಾಕಿ ತಿರುಪಿದ ಸೆನ್ಸರ್ ಸುಮಾರು 10,000 ಹರ್ಟ್ಜ್ ತನಕ ನಂಬಿಕಸ್ಥ. ಮ್ಯಾಗ್ನೆಟ್ ಮೇಲೆ ಕೂರಿಸಿದರೆ ಸುಮಾರು 2,000 ಹರ್ಟ್ಜ್ ತನಕ ಧೈರ್ಯವಾಗಿ ನಂಬಬಹುದು. ಕಡ್ಡಿ ಹಿಡಿದು ಒತ್ತಿದರೆ ಕೆಲವು ನೂರು ಹರ್ಟ್ಜ್, ಅಷ್ಟೇ.

ಹಂಗಾಮಿಗೆ ಮುನ್ನ ಯಂತ್ರಗಳಿಗೆ ಬಣ್ಣ ಹೊಡೆಸುವ ರೂಢಿಯಿದೆ. ಸೆನ್ಸರ್ ಕೂರುವ ಜಾಗವನ್ನೂ ಬಿಡದೆ ಬಳಿಯುತ್ತಾರೆ. ಮ್ಯಾಗ್ನೆಟ್ ಎತ್ತಿ ನೋಡಿದರೆ ಅಡಿಯಲ್ಲಿ ಎರಡು ಕೋಟ್ ಹಸಿರು ಬಣ್ಣ, ಅದರ ಮೇಲೆ ಹೊಟ್ಟಿನ ಹುಡಿ, ಅಂಚಿನಲ್ಲಿ ಕಬ್ಬಿಣದ ಚೂರುಗಳ ಗಡ್ಡ. ಆ ಮೆತ್ತೆಯ ಮೂಲಕ ಹೆಚ್ಚಿನ ಆವರ್ತನ ದಾಟುವುದಿಲ್ಲ. ಕೆರೆದು ಬರಿ ಲೋಹ ಕಾಣಿಸಿ, ಮಟ್ಟಸ ಮಾಡಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಕಾಲಿಂಚಿನ, ಇಂಚಿಗೆ 28 ಎಳೆಯ ಸ್ಟಡ್ಡಿಗೆ ಸಾಮಾನ್ಯವಾಗಿ 2.7ರಿಂದ 6.8 ನ್ಯೂಟನ್ ಮೀಟರ್ ಟಾರ್ಕ್. ಪೈಪ್ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ತಿರುಪಿದರೆ ಸೆನ್ಸರಿನ ಬುಡವೇ ಸೊಟ್ಟಗಾಗುತ್ತದೆ. ಬೆಲ್ಟ್ ಗಾರ್ಡಿನ ತಗಡಿನ ಮೇಲೆ ಅಂಟಿಸಿದ ಸೆನ್ಸರ್ ತಗಡಿನ ಕಂಪನವನ್ನು ಪ್ರಾಮಾಣಿಕವಾಗಿ ಅಳೆಯುತ್ತದೆ, ಬೇರಿಂಗಿನದನ್ನಲ್ಲ.

## ಅಂಕಿ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪು

ಹಳೆಯ ದಾಖಲೆಗಿಂತ ಸರಿಯಾಗಿ ಹತ್ತು ಪಟ್ಟು, ಐದು ಪಟ್ಟು, ಇಲ್ಲವೇ 1.41 ಪಟ್ಟು ವ್ಯತ್ಯಾಸವಿದ್ದರೆ ಸ್ಪ್ಯಾನರ್ ಕೆಳಗಿಡಿ. ಮೀಟರಿನಲ್ಲಿ 100ರ ಬದಲು 10 ಮಿಲಿವೋಲ್ಟ್ ಎಂದು ಬರೆದಿದೆ, 500ರ ಸೆನ್ಸರ್ ಬಂದಿದೆ, ಅಥವಾ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಮತ್ತು ಪೀಕ್ (ಗರಿಷ್ಠ) ಅದಲುಬದಲಾಗಿವೆ.

## ಒತ್ತಡದ ಸೆನ್ಸರ್ ಸೊನ್ನೆಗೆ ಜಾರುತ್ತದೆ

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ-ಮಾರ್ಚ್‌ನಲ್ಲಿ ಪಂಪಿನ ಕೊಳವೆಗೆ ಪೀಜೋ ಒತ್ತಡ ಸೆನ್ಸರ್ ಹಾಕಿ, "ಪಂಪ್ ಓಡುತ್ತಿದೆ, ಒತ್ತಡ ಸೊನ್ನೆ ಎನ್ನುತ್ತಿದೆ" ಎಂದು ದೂರುವುದುಂಟು. ಇದು ದೋಷವಲ್ಲ. ಸ್ಫಟಿಕದಲ್ಲಿ ಹುಟ್ಟಿದ ಚಾರ್ಜ್ ನಿಧಾನವಾಗಿ ಸೋರಿಹೋಗುತ್ತದೆ. ಒಂದು ಕಾಲಸ್ಥಿರಾಂಕ ಕಳೆಯುವಷ್ಟರಲ್ಲಿ ಮೊದಲಿನ ಶೇ. 37ರಷ್ಟೇ ಉಳಿದಿರುತ್ತದೆ. ವಾಲ್ವ್ ಥಟ್ಟನೆ ಮುಚ್ಚಿದಾಗಿನ ನೀರಿನ ಹೊಡೆತವನ್ನೋ ಡೀಸೆಲ್ ಎಂಜಿನ್ನಿನ ಸಿಲಿಂಡರ್ ಒತ್ತಡವನ್ನೋ ಅಳೆಯಲು ಇದಕ್ಕೆ ಸಾಟಿಯಿಲ್ಲ. ನಿಂತ ಒತ್ತಡ ನೋಡಲು ಸ್ಟ್ರೇನ್ ಗೇಜ್ ಮಾದರಿಯ ಟ್ರಾನ್ಸ್‌ಮಿಟರ್ ತನ್ನಿ.

ಹೊಡೆತವನ್ನೂ ಮಂದವಾಗಿ ತೋರಿಸಿದರೆ ಸೆನ್ಸರ್ ಮುಂದಿನ ಕಿರುದಾರಿಯಲ್ಲಿ ಹೊಳೆಯ ಕೆಸರು ತುಂಬಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ. ಬಿಚ್ಚುವ ಮೊದಲು ಕೊಳವೆಯ ಒತ್ತಡ ಇಳಿಸಿ. ಪಂಪ್ ನಿಂತರೂ ಇಳಿಜಾರಿನ ತೋಟದಲ್ಲಿ ಮೇಲಿನ ನೀರಿನ ಭಾರ ಹಾಗೇ ಇರುತ್ತದೆ. ಬಿಸಿ ಅನಿಲ ತಾಗಿದಾಗ ರೀಡಿಂಗ್ ಸೊನ್ನೆಗಿಂತ ಕೆಳಗಿಳಿದರೆ ಅದು ಡಯಾಫ್ರಮ್ ಹಿಗ್ಗಿದ ಪರಿಣಾಮ. ತಯಾರಕರು ಒಪ್ಪುವ ಕಡೆ ಸಿಲಿಕೋನ್ ರಬ್ಬರಿನ ತೆಳು ಲೇಪ ಸಹಾಯ ಮಾಡುತ್ತದೆ.

## ಚಾರ್ಜ್ ಸೆನ್ಸರ್ ಒಂದೇ ಕಡೆಗೆ ತೇಲುತ್ತದೆ

ಐಇಪಿಇ ಸೆನ್ಸರುಗಳ ಮಿತಿ ಸಾಮಾನ್ಯವಾಗಿ 120 ಡಿಗ್ರಿ ಸೆಲ್ಸಿಯಸ್. ಕಾಫಿ ಹುರಿಯುವ ಡ್ರಮ್ಮಿನಂಥ ಬಿಸಿ ಜಾಗಕ್ಕೆ ಚಾರ್ಜ್ ಮಾದರಿಯೇ ಗತಿ. ಆದರೆ ಅದಕ್ಕೆ ಕೊಳೆ ಆಗದು. ಐಇಪಿಇ ಸಹಿಸಿಕೊಳ್ಳುವ ಸಣ್ಣ ತೇವವೂ, ಕನೆಕ್ಟರ್ ಮೇಲಿನ ಬೆರಳಚ್ಚಿನ ಜಿಡ್ಡೂ ಇಲ್ಲಿ ರೀಡಿಂಗನ್ನು ತೇಲಿಸುತ್ತವೆ. ಶುಚಿ ಮಾಡಿ ಒಣಗಿಸಿದರೆ ಅರ್ಧ ಜಗಳ ಮುಗಿಯುತ್ತದೆ. ಕೇಬಲ್ ಅಲುಗಿದಾಗ ರೀಡಿಂಗೂ ಅಲುಗಿದರೆ, ಯಾರೋ ಗದ್ದಲ ತಡೆಯುವ ವಿಶೇಷ ಕೇಬಲ್ ಬದಲು ಮಾಮೂಲಿ ಕೊಯಾಕ್ಸಿಯಲ್ ಹಾಕಿದ್ದಾರೆ. ಸರಿಯಾದ ಕೇಬಲ್ ಹಾಕಿ, ಸೆನ್ಸರಿನ ಹತ್ತಿರವೇ ಕ್ಲಾಂಪ್ ಬಿಗಿಯಿರಿ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಅದಲುಬದಲು ಪರೀಕ್ಷೆಯಲ್ಲಿ ಯಂತ್ರವೇ ಅದುರುತ್ತಿದೆ ಎಂದು ಖಚಿತವಾದರೆ ಸೆನ್ಸರ್ ಕೆಲಸ ಅಲ್ಲಿಗೆ ಮುಗಿಯಿತು. ಐಎಸ್‌ಒ 10816-3 (2022ರಿಂದ ಇದರ ಜಾಗದಲ್ಲಿ ಐಎಸ್‌ಒ 20816-3) ಮಾನದಂಡದಲ್ಲಿ, ಗಟ್ಟಿ ಅಡಿಪಾಯದ ಮೇಲಿನ 15ರಿಂದ 300 ಕಿಲೋವ್ಯಾಟ್ ಯಂತ್ರಗಳಿಗೆ ಸೆಕೆಂಡಿಗೆ 4.5 ಮಿಲಿಮೀಟರ್ ಆರ್‌ಎಂಎಸ್ ದಾಟಿದರೆ ಹಾನಿಯ ವಲಯ. ಅದನ್ನು ಮೀರಿ ಏರುತ್ತಿದ್ದರೆ ಯಂತ್ರ ನಿಲ್ಲಿಸಿ, ಮೆಕ್ಯಾನಿಕಲ್ ವಿಭಾಗದವರನ್ನು ಕರೆಯಿರಿ. ಚೀಲ ಕಾದಿದೆ, ಲಾರಿ ಬಂದಿದೆ ಎಂಬ ಕಾರಣಕ್ಕೆ ಅಲಾರಂ ಬೈಪಾಸ್ ಮಾಡಬೇಡಿ.

ಕೇಬಲ್ ಬದಲಿಸಿದ ಮೇಲೂ ಬಯಾಸ್ ತಪ್ಪಿದ್ದರೆ, ಸೆನ್ಸರ್ ಕಾಂಕ್ರೀಟ್ ನೆಲಕ್ಕೆ ಬಿದ್ದಿದ್ದರೆ, ಅಥವಾ ತಾಪದ ಮಿತಿ ಮೀರಿ ಕಾದಿದ್ದರೆ ಅದನ್ನು ಬಿಚ್ಚಿ ನೋಡುವ ಆಸೆ ಬೇಡ. ಬೆಸುಗೆ ಹಾಕಿ ಮುಚ್ಚಿದ ಡಬ್ಬಿ ಅದು, ತೆರೆದರೆ ಮತ್ತೆ ಕೂಡದು. ಬಿದ್ದ ಸೆನ್ಸರಿನ ಬಯಾಸ್ ಸರಿಯಿದ್ದೂ ಸಂವೇದನೆ ಬದಲಾಗಿರಬಹುದು. ಕೈಯಲ್ಲಿ ಹಿಡಿಯುವ ಕ್ಯಾಲಿಬ್ರೇಟರ್ 159.2 ಹರ್ಟ್ಜ್‌ನಲ್ಲಿ 1 ಜಿ ಅಲುಗಾಟ ಕೊಡುತ್ತದೆ. 100 ಮಿಲಿವೋಲ್ಟಿನ ಸೆನ್ಸರ್ ಅದರ ಮೇಲೆ 100ರ ಆಸುಪಾಸು ತೋರಿಸದಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ. ಕಳಿಸುವಾಗ ಅಳೆದ ಬಯಾಸ್, ಕೂರಿಸಿದ ಜಾಗದ ತಾಪ, ತೊಂದರೆ ಕಾಣಿಸುವ ಹೊತ್ತು ಇಷ್ಟನ್ನು ಚೀಟಿಯಲ್ಲಿ ಬರೆಯಿರಿ, ಆ ಸೆನ್ಸರಿಗೆ ಹಾಕಿದ್ದ ಕೇಬಲ್ಲನ್ನೂ ಜೊತೆಗಿಟ್ಟು ಕಟ್ಟಿ.